ಕಾಪುವಿನ ಹೇಂಟೆ

ಆ ದಿನ ಮಣಿಪಾಲದಲ್ಲಿ ಸೂರ್ಯ ಹುಟ್ಟಿದ್ದು ಪೂರ್ವದಲ್ಲಲ್ಲ, ಕೃಷ್ಣರಾಜನ ಕಂಪ್ಯೂಟರಿನ ಪರದೆಯ ಮೇಲೆ. ನಂಬದಿದ್ದರೆ ಬಿಡಿ. ಪ್ರಯೋಗಾಲಯದ ಆ ತಣ್ಣನೆಯ ಕೋಣೆಯಲ್ಲಿ ಅವನೊಬ್ಬನ ಬೆನ್ನಿನಲ್ಲಿ ಬೆವರು ಹರಿದು ಕುರ್ಚಿ ಒದ್ದೆಯಾದದ್ದಕ್ಕೆ ಬೇರೆ ಕಾರಣ ಕೊಡಲು ಇಡೀ ಮಣಿಪಾಲದ ವೈದ್ಯರೆಲ್ಲ ಒಟ್ಟು ಸೇರಿದರೂ ಆಗದು. ಪರದೆಯಲ್ಲಿದ್ದದ್ದು ಒಂದು ಹೇಂಟೆಯ ರಕ್ತದ ಜಾತಕ. ಕಾರ್ಕಳದ ಭೋಜಣ್ಣನ ಅಂಗಳದಲ್ಲಿ ಎರಡು ವಾರದ ಹಿಂದೆ ಅವನೇ ಅದರ ರೆಕ್ಕೆಯಡಿಯ ನರಕ್ಕೆ ಸೂಜಿ ಚುಚ್ಚಿ ತಂದ ರಕ್ತ. ಅಲ್ಲಿಂದೀಚೆಗೆ ಆ ಅಂಗಳಕ್ಕೆ ಕೊಕ್ಕರೆ ರೋಗ ಹೊಕ್ಕು, ಕೋಳಿ ಅಂಕದಲ್ಲಿ ಕಾದುವ ಹುಂಜಗಳಿಂದ ಹಿಡಿದು ಇನ್ನೂ ಪುಕ್ಕ ಬಾರದ ಮರಿಗಳವರೆಗೆ ಎಲ್ಲವೂ ಕತ್ತು ತಿರುಚಿ ಬಿದ್ದಿದ್ದವು, ಈ ಒಂದು ಹೇಂಟೆಯನ್ನು ಬಿಟ್ಟು. ಹಾಗೆ ಬಿಟ್ಟದ್ದು ಯಾಕೆ ಎಂಬುದಕ್ಕೆ ಪರದೆ ಈಗ ಉತ್ತರ ಹೇಳುತ್ತಿತ್ತು. ರೋಗ ಬರುವ ಮುಂಚಿನ ಆ ರಕ್ತದಲ್ಲಿ ರೋಗದ ನೆನಪೇ ಇರಲಿಲ್ಲ. ಅಂದರೆ ಹೇಂಟೆ ಆ ವೈರಸ್ಸನ್ನು ಅಲ್ಲಿಯವರೆಗೆ ಕಂಡಿರಲಿಲ್ಲ, ಲಸಿಕೆಯ ಮುಖವನ್ನೂ ಕಂಡಿರಲಿಲ್ಲ. ಇದು ಕಲಿತು ಬಂದ ಶಕ್ತಿಯಲ್ಲ, ಹುಟ್ಟಿ ಬಂದದ್ದು. ಜೀವಕೋಶದ ಬಾಗಿಲಲ್ಲಿ ಕಾವಲು ಕೂರುವ ಒಂದು ವಂಶವಾಹಿ ಉಂಟು. ಹೆಚ್ಚಿನ ಕೋಳಿಗಳಲ್ಲಿ ಆ ಕಾವಲುಗಾರ ತೂಕಡಿಸುತ್ತಿರುತ್ತಾನೆ. ಈ ಹೇಂಟೆಯಲ್ಲಿ ತಾಯಿಯ ಕಡೆಯಿಂದ ಒಬ್ಬ, ತಂದೆಯ ಕಡೆಯಿಂದ ಒಬ್ಬ, ಇಬ್ಬರೂ ಕಣ್ಣು ಬಿಟ್ಟು ಕೂತಿದ್ದರು. ಕರಾವಳಿಯ ಅಂಗಳ ಅಂಗಳವನ್ನೂ ಗುಡಿಸಿದ ಹಾಗೆ ಸುತ್ತಿ ಕೃಷ್ಣರಾಜ ಹುಡುಕಿದ್ದು ಈ ಇಬ್ಬರನ್ನೇ.

ಎದ್ದು ಕುಣಿಯಬೇಕೆನಿಸಿತು. ಪಕ್ಕದ ಗಾಜಿನ ಕೋಣೆಯಲ್ಲಿ ಸಂಶೋಧನೆಯ ಹುಡುಗಿಯರಿದ್ದರು. ಅವರು ತನ್ನನ್ನು ಬೆನ್ನ ಹಿಂದೆ ಕೋಳಿ ಭಟ್ರು ಎಂದು ಕರೆಯುತ್ತಾರೆಂದು ಗೊತ್ತಿದ್ದುದರಿಂದ ಕುಣಿಯಲಿಲ್ಲ. ಕರೆಯಲಿ. ನಾಳೆ ಭೂಮಂಡಲದ ಅಷ್ಟೂ ಹುಂಜಗಳು ಬೆಳಗಾಗೆದ್ದು ಕೂಗುವುದು ಕೃಷ್ಣರಾಜ ಎಂದೇ. ಉಡುಪಿಯ ತೆಂಕಪೇಟೆಯಲ್ಲಿ, ಮಠದ ಪಾಕಶಾಲೆಯಲ್ಲಿ ತಲೆಮಾರುಗಳಿಂದ ಸೌಟು ಹಿಡಿದ ಮನೆತನದಲ್ಲಿ ಹುಟ್ಟಿ, ಮೊಟ್ಟೆಯ ಸಿಪ್ಪೆಯನ್ನೂ ಮುಟ್ಟದೆ ಬೆಳೆದು, ಮೀಸೆ ಬಲಿತ ಮೇಲೆ ಮೊದಲ ಸಲ ಕೋಳಿಯೊಂದನ್ನು ಕೈಯಲ್ಲಿ ಹಿಡಿದಾಗ ಅದರ ಎದೆಬಡಿತ ಅಂಗೈಯಿಂದ ಮೊಣಕೈಗೆ ಏರಿತ್ತು, ಅಲ್ಲಿಂದ ಇವತ್ತಿನವರೆಗೆ ಇಳಿದಿಲ್ಲ. ಅಮ್ಮ ನೆಂಟರ ಹತ್ತಿರ ಮಗ ಮಣಿಪಾಲದಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದಾನೆ ಎನ್ನುತ್ತಾಳೆ. ಯಾರ ರಕ್ತ ಎಂದು ಯಾರೂ ಕೇಳುವುದಿಲ್ಲ. ಒಮ್ಮೆ ಹೆಣ್ಣಿನ ಕಡೆಯವರು ಬಂದು ಕೂತಿದ್ದಾಗ ಅವನ ಅಂಗಿಯ ಕಾಲರಿನಿಂದ ಒಂದು ಕೆಂಪು ಪುಕ್ಕ ಹೊರಟು, ಕಾಫಿಯ ಲೋಟಗಳ ಮೇಲೆ ತೇಲಿ, ಹುಡುಗಿಯ ಸೋದರಮಾವನ ತೊಡೆಯ ಮೇಲೆ ಇಳಿಯಿತು. ಆ ಪುಕ್ಕ ಇಳಿಯಲು ತೆಗೆದುಕೊಂಡ ಹೊತ್ತಿನಲ್ಲಿ ಮಂಗಳೂರಿನ ವಿಮಾನ ದುಬೈ ಮುಟ್ಟಬಹುದಿತ್ತು. ಕಾಫಿಯನ್ನು ಯಾರೂ ಮುಗಿಸಲಿಲ್ಲ. ಅಮ್ಮ ಆ ಲೋಟಗಳನ್ನು ತೊಳೆದ ಸದ್ದು ಈಗಲೂ ಒಮ್ಮೊಮ್ಮೆ ಸ್ನಾನದ ನೀರಿನೊಳಗಿಂದ ಕೇಳುತ್ತದೆ. ಇವತ್ತು ಅದೂ ಚೆಂಡೆಯ ಪೆಟ್ಟಿನ ಹಾಗೆ ಕೇಳಿಸಿತು.

ಶ್ರೀವಾಣಿ ಮೇಡಂ ಬಂದರು. ಪ್ರಯೋಗಾಲಯದ ಮುಖ್ಯಸ್ಥೆ, ಹೊಗಳುವುದರಲ್ಲಿ ಎಷ್ಟು ಬಿಗಿ ಎಂದರೆ ಅವರು ಒಮ್ಮೆ ತಲೆಯಾಡಿಸಿದ್ದನ್ನು ನೆನೆದುಕೊಂಡೇ ಕೆಲವರು ನಿವೃತ್ತಿಯವರೆಗೆ ಬದುಕುತ್ತಾರೆ. ಪರದೆಗೆ ಬಗ್ಗಿ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಒಂದು ಹೇಂಟೆ ಬದುಕಿ ಉಳಿದದ್ದು ಅದೃಷ್ಟವೂ ಇರಬಹುದು, ಅದರ ಮರಿಗಳೂ ಈ ರೋಗಕ್ಕೆ ಬಗ್ಗದೆ ನಿಂತರೆ ಆಗ ವಂಶವಾಹಿಯ ಮಾತು ಎತ್ತಬಹುದು, ಅಲ್ಲಿಯವರೆಗೆ ಇದು ಬರೀ ಸುದ್ದಿ ಎಂದರು. ಆದರೆ ಹೇಳುವಾಗ ಅವರ ದನಿ ನಡುಗಿತು ಎಂದು ಕೃಷ್ಣರಾಜ ಪ್ರಮಾಣ ಮಾಡಿ ಹೇಳಬಲ್ಲ. ಹೇಂಟೆ ಜೀವಂತ ಬೇಕು, ಮೊಟ್ಟೆಯಿಡಬೇಕು, ಕಾವು ಕೂರಬೇಕು. ಈಗಲೇ ಹೋಗಿ ತನ್ನಿ ಎಂದರು. ಬಾಗಿಲವರೆಗೆ ಹೋದವರು ತಿರುಗಿದರು.

“ಅಲ್ಲ ಕೃಷ್ಣರಾಜ, ರೋಗ ಅಲ್ಲಿಗೆ ಬಂದದ್ದು ಎಲ್ಲಿಂದ? ನೀವು ಅವತ್ತು ಕಾಪುವಿನಿಂದ ನೇರ ಅಲ್ಲಿಗೇ ಹೋದದ್ದಲ್ವಾ. ಕಾಲಿಗೆ ಕವರ್ ಹಾಕಿದ್ರಿ ತಾನೇ?”

“ಹೌದು ಮೇಡಂ.”

ಆ ಹೌದು ಎಷ್ಟು ಚುರುಕಾಗಿ ಹೊರಬಿತ್ತೆಂದರೆ, ಅದು ನಾಲಗೆಯ ತುದಿಯಲ್ಲಿ ಹೊಂಚು ಹಾಕಿ ಕೂತಿತ್ತೇ ಎಂದು ಅವನಿಗೇ ಸಂಶಯವಾಯಿತು. ಸಂಶಯಪಡಲು ಪುರುಸೊತ್ತು ಎಲ್ಲಿ. ಭೋಜಣ್ಣನಿಗೆ ಫೋನು ಮಾಡಿದ, ಎತ್ತಿದ್ದು ಸೊಸೆ ಮೋಕ್ಷಾ. ಕಳೆದ ವರ್ಷ ಕಾಪುವಿನಿಂದ ಆ ಮನೆಗೆ ಮದುವೆಯಾಗಿ ಬಂದವಳು. ಗಂಡ ಜಿತೇಶ್ ಕುವೈತಿನಲ್ಲಿ. ಮಳೆಗಾಲದ ಆಟಿ ತಿಂಗಳಲ್ಲಿ ತವರಿಗೆ ಹೋದವಳು ತಿರುಗಿ ಬರುವಾಗ ಈ ಹೇಂಟೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು. ಹೇಂಟೆಯನ್ನು ಜೋಪಾನವಾಗಿಡಿ, ಅದು ಬಂಗಾರ, ಬಂಗಾರ ಅಂದರೆ ಕಡಿಮೆಯಾಯಿತು, ಎಂದು ಕೃಷ್ಣರಾಜ ಒಂದೇ ಉಸಿರಿಗೆ ಹೇಳಿದ.

“ಹಾಗಾದ್ರೆ ಬೇಗ ಬನ್ನಿ ಭಟ್ರೇ. ಮಾವ ಕತ್ತಿ ಮಸೀತಾ ಇದ್ದಾರೆ. ರೋಗ ತಂದದ್ದು ಅದೇ ಅಂತೆ. ಅದು ಅಂದ್ರೆ ನಾನೂ ಸೇರಿ.”

“ಅದು ಬಂದು ತಿಂಗಳಾಯಿತಲ್ಲ ಮಾರಾಯ್ತಿ. ಕಾಪುವಿನಲ್ಲಿ ರೋಗ ಉಂಟು ಅಂತ ಅವರಿಗೆ ಹೇಳಿದವರು ಯಾರು?”

“ನೀವೇ ಹೇಳಿದ್ದಲ್ವಾ.”

ಸ್ಕೂಟರು ಮಣಿಪಾಲದ ಇಳಿಜಾರಿನಲ್ಲಿ ಇಳಿದದ್ದಲ್ಲ, ಹಾರಿದ್ದು. ಪರ್ಕಳದ ಪೇಟೆಯಲ್ಲಿ ಜನ ಅಂಗಡಿಯ ಮೆಟ್ಟಿಲು ಹತ್ತಿ ದಾರಿ ಬಿಟ್ಟರು ಎಂದು ಅವನಿಗೆ ಕಂಡಿತು. ಅವರು ಹತ್ತಿದ್ದು ಬಕೆಟು ಕೊಳ್ಳಲು ಇದ್ದಿರಬಹುದು. ಎದೆಯಲ್ಲಿ ಇನ್ನೂ ಪರದೆಯ ಬೆಳಕು. ಆ ಹೇಂಟೆಯ ಮರಿಗಳು, ಮರಿಗಳ ಮರಿಗಳು, ಶಿರ್ವದಿಂದ ಕೆಮ್ಮಣ್ಣಿನವರೆಗೆ ರೋಗವನ್ನು ಕಾಲಲ್ಲಿ ಒದ್ದು ಕೆದಕುತ್ತ ತಿರುಗುವ ಕೋಳಿಗಳ ಒಂದು ಸೇನೆ. ಆದರೆ ಹಿಂದಿನ ಸೀಟಿನಲ್ಲಿ ಯಾರೋ ಕೂತ ಹಾಗೆ ಸ್ಕೂಟರು ಭಾರವಾಗಿತ್ತು. ಹೌದು ಮೇಡಂ ಎಂಬ ಮಾತು ಮಣಿಪಾಲದಲ್ಲೇ ಹತ್ತಿಕೊಂಡಿತ್ತು, ಆತ್ರಾಡಿ ದಾಟಿದರೂ ಇಳಿಯಲಿಲ್ಲ. ಕವರ್ ಎಂದರೆ ಕಾಲಿಗೆ ಹಾಕುವ ಆ ನೀಲಿ ಪ್ಲಾಸ್ಟಿಕ್ಕಿನ ಗವಸು. ಒಂದು ಅಂಗಳದಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ಜೋಡಿ ಹಾಕಬೇಕು, ಹಳೆಯದನ್ನು ಸುಡಬೇಕು ಎಂದು ಮೇಡಂ ಮೊದಲ ದಿನವೇ ಹೇಳಿದ್ದರು, ಅವನು ಬಹಳ ಗಂಭೀರವಾಗಿ ತಲೆಯಾಡಿಸಿದ್ದ. ಅವತ್ತು ಕಾಪುವಿನಲ್ಲಿ, ದೀಪಸ್ತಂಭ ಕಾಣುವ ಆ ಮುದುಕಿಯ ಅಂಗಳದಲ್ಲಿ, ಮೂಲೆಗೆ ನಾಗನ ಕಲ್ಲಿತ್ತು. ಚಪ್ಪಲಿ ಬಿಚ್ಚಿದ. ನಾಗನ ಎದುರಿಗೆ ನೀಲಿ ಪ್ಲಾಸ್ಟಿಕ್ಕಿನಲ್ಲಿ ಪರಪರ ಸದ್ದು ಮಾಡಿಕೊಂಡು ತಿರುಗುವುದು ಹೇಗೆ? ಗವಸು ಜೇಬಿನಲ್ಲಿ ಮಡಚಿದ ಹಾಗೇ ಉಳಿಯಿತು. ಕೆಸರಿನಲ್ಲಿ, ಹಸಿರು ಹಿಕ್ಕೆಯ ನಡುವೆ, ಬಾಯಿ ತೆರೆದು ಉಸಿರಿಗೆ ತಡಕಾಡುವ ಕೋಳಿಗಳನ್ನು ಒಂದೊಂದಾಗಿ ಎತ್ತಿ ನೋಡುತ್ತ ಬರಿಗಾಲಿನಲ್ಲಿ ಓಡಾಡಿದ. ಬೆರಳುಗಳ ಸಂದಿಯಿಂದ ಕೆಸರು ತಣ್ಣಗೆ ಮೇಲೆದ್ದು ಬಂದದ್ದು ಹಿತವಾಗಿಯೇ ಇತ್ತು. ಅಲ್ಲಿಂದ ನೇರ ಕಾರ್ಕಳ. ಭೋಜಣ್ಣನ ಅಂಗಳದಲ್ಲಿ ದೈವದ ಗುಡಿ. ಅಲ್ಲಿಯೂ ಗೇಟಿನ ಹತ್ತಿರ ಚಪ್ಪಲಿ ಬಿಚ್ಚಿದ್ದ. ಅದನ್ನು ನೋಡಿ ಭೋಜಣ್ಣನಿಗೆ ಎಷ್ಟು ಸಂತೋಷವಾಯಿತೆಂದರೆ ತೆಂಗಿನ ಮರ ಹತ್ತಿಸಿ ಎಳನೀರಿನ ಬೊಂಡ ಇಳಿಸಿದ್ದ.

ಹಿರಿಯಡ್ಕದ ಪೇಟೆ ದಾಟುತ್ತಿರುವಾಗ ಕೃಷ್ಣರಾಜನ ತಲೆಯೊಳಗೆ ಒಂದು ಲೆಕ್ಕ ತನ್ನಷ್ಟಕ್ಕೇ ಮುಗಿಯಿತು. ಹೇಂಟೆಯ ರಕ್ತ ಶುದ್ಧವಾಗಿತ್ತು. ಹಾಗಾದರೆ ರೋಗ ತಂದದ್ದು ಹೇಂಟೆಯಲ್ಲ, ಹೇಂಟೆ ತಂದವಳೂ ಅಲ್ಲ. ಆ ದಿನ ಕಾಪುವಿನ ಸಾಯುವ ಕೋಳಿಗಳ ನಡುವಿನಿಂದ ಎದ್ದು ಆ ಅಂಗಳಕ್ಕೆ ಬಂದು ನಿಂತ ಕಾಲು ಒಂದೇ ಜೋಡಿ. ಪರದೆಯ ಯಾವ ಸಾಲು ಅವನ ಕೊರಳಿಗೆ ಹಾರ ಹಾಕಿತ್ತೋ ಅದೇ ಸಾಲು ಅವನ ಕಾಲು ಹಿಡಿದಿತ್ತು. ಸ್ಕೂಟರು ನಿಧಾನವಾಯಿತು, ಹಿಂದಿನಿಂದ ಬಸ್ಸೊಂದು ಹಾರನ್ ಹೊಡೆದು ಬೈದು ಮುಂದೆ ಹೋಯಿತು. ಕಾಲು ತೊಳೆಯದ ಕುಲದಲ್ಲಿ ಹುಟ್ಟಿದ್ದರೆ ಒಂದು ಮಾತಿತ್ತು. ಆ ಸಂಜೆ ಮನೆ ಮುಟ್ಟಿದಾಗ ಅಮ್ಮ ಎಂದಿನಂತೆ ಬಾವಿಕಟ್ಟೆಯ ಹತ್ತಿರ ಕೊಡಪಾನ ತುಂಬಿಸಿಟ್ಟು ನಿಂತಿದ್ದಳು. ಕಾಲು ತಿಕ್ಕಿದ, ಹಿಮ್ಮಡಿ ತಿಕ್ಕಿದ, ಬೆರಳ ಸಂದಿ ತಿಕ್ಕಿದ, ಬಟ್ಟೆ ಬಿಚ್ಚಿ ನೆನೆಹಾಕಿದ, ತಲೆಗೆ ನೀರು ಹೊಯ್ದುಕೊಂಡು ಒಳಗೆ ಹೋದ. ಉಡುಪಿಯ ಅರ್ಧ ಬಾವಿಗಳ ನೀರು ಈ ಕಾಲುಗಳ ಮೇಲೆ ಹರಿದು ಹೋಗಿದೆ. ಆದರೆ ಅದೆಲ್ಲ ತನ್ನ ಮನೆಗೆ ಹೋಗುವಾಗ. ಇನ್ನೊಬ್ಬರ ಅಂಗಳಕ್ಕೆ ಇಳಿಯುವ ಮೊದಲು ಒಂದು ಚೊಂಬು ನೀರು? ಹೊಳೆದೇ ಇರಲಿಲ್ಲ. ಕೊಳೆ ಯಾವಾಗಲೂ ಅಲ್ಲಿಂದ ಇಲ್ಲಿಗೆ ಬರುವಂಥದ್ದು. ಇಲ್ಲಿಂದ ಅಲ್ಲಿಗೆ ಹೋಗಬಹುದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಜೀವಶಾಸ್ತ್ರ ಕಲಿಸಿತ್ತು. ಅದನ್ನು ಬರೆದು ಪಾಸಾಗಿದ್ದ, ರ‍್ಯಾಂಕು ಬೇರೆ.

ಅವನನ್ನು ಹೆಚ್ಚು ನಾಚಿಸಿದ್ದು ಬೇರೆಯೇ. ಇಷ್ಟಾದರೂ ಎದೆಯ ಕುಣಿತ ನಿಂತಿರಲಿಲ್ಲ. ಬೈಲೂರಿನ ಏರಿನಲ್ಲಿ ಅವನು ತನ್ನ ಮೇಲೆ ತಾನು ಹೇಸಿಕೊಳ್ಳಲು ಬಲವಾಗಿ ಪ್ರಯತ್ನಿಸಿದ. ಹೇಸಿಗೆ ಬರುವಷ್ಟರಲ್ಲಿ ಆ ಇಬ್ಬರು ಕಾವಲುಗಾರರು ಕಣ್ಣೆದುರು ಬಂದು ನಗುತ್ತಿದ್ದರು. ಅವನು ರೋಗ ಹೊತ್ತು ತಾರದಿದ್ದರೆ ಈ ಹೇಂಟೆ ಇಂಥದ್ದೆಂದು ಯಾರಿಗೆ ಗೊತ್ತಾಗುತ್ತಿತ್ತು ಎಂಬ ಯೋಚನೆ ಮೆಲ್ಲಗೆ ತಲೆಯೆತ್ತಿದಾಗ, ಸ್ಕೂಟರಿನ ಮೇಲೆಯೇ ತನ್ನ ಕೆನ್ನೆಗೆ ತಾನೇ ಒಂದು ಬಿಟ್ಟ. ಮತ್ತೆ ಆ ಜಗಲಿ ನೆನಪಾಯಿತು. ಬೊಂಡ ಕುಡಿಯುತ್ತ, ಕಾಲು ಕುಣಿಸುತ್ತ, ಕಾಪುವಿನಲ್ಲಿ ಕೋಳಿಗಳು ಹೇಗೆ ಸಾಯುತ್ತಿವೆ ಎಂದು ಭೋಜಣ್ಣನಿಗೆ ಬಣ್ಣಿಸಿದ್ದ. ಸತ್ತದ್ದು ಹತ್ತಿದ್ದರೆ ನೂರು ಮಾಡಿದ್ದ, ಒಂದು ಹುಂಜ ತಲೆಕೆಳಗಾಗಿ ನಿಂತು ಸತ್ತಿತು ಎಂದೂ ಸೇರಿಸಿದ್ದ. ಮೋಹಿನಿಯಕ್ಕ, ಭೋಜಣ್ಣನ ಹೆಂಡತಿ, ಬಾಗಿಲ ಕಂಬಕ್ಕೆ ಒರಗಿ ಕೇಳುತ್ತಿದ್ದವರು ಒಮ್ಮೆ ಸೊಸೆಯ ಕಡೆ ತಿರುಗಿದ್ದರು. ಆ ತಿರುಗಿದ್ದನ್ನು ಅವನು ಮೆಚ್ಚುಗೆ ಎಂದುಕೊಂಡಿದ್ದ.

ಅಂಗಳದಲ್ಲಿ ಸದ್ದೇ ಇರಲಿಲ್ಲ. ಕೋಳಿಯಿಲ್ಲದ ಅಂಗಳ ಎಷ್ಟು ದೊಡ್ಡದಿರುತ್ತದೆಂದು ಅವನು ನೋಡಿರಲಿಲ್ಲ. ಗೇಟಿನಿಂದ ಜಗಲಿಗೆ ಒಂದು ತಾಲೂಕು ದಾಟಿದ ಹಾಗಾಯಿತು. ನಡುವೆ ಒಂದು ಬುಟ್ಟಿ ಕವುಚಿತ್ತು, ಮೇಲೊಂದು ಕಲ್ಲು. ಭೋಜಣ್ಣ ಹತ್ತಿರವೇ ಕುಕ್ಕರಗಾಲಿನಲ್ಲಿ ಕೂತು ಕತ್ತಿಯ ಬಾಯಿಯನ್ನು ಹೆಬ್ಬೆರಳಲ್ಲಿ ನೋಡುತ್ತಿದ್ದ. ಮೋಹಿನಿಯಕ್ಕ ಜಗಲಿಯಲ್ಲಿ, ಮೋಕ್ಷಾ ಬಾವಿಯ ಹತ್ತಿರ ನಿಂತಿದ್ದಳು. ಮೂವರ ನಡುವೆ ಸಮಾನ ದೂರ, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಭೋಜಣ್ಣ ಅವನನ್ನು ಕಂಡದ್ದೇ ಸತ್ತ ಹುಂಜಗಳ ಪುರಾಣ ಎತ್ತಿದ. ಒಂದು ಹುಂಜ ಹಿರಿಯಡ್ಕದ ಅಂಕದಲ್ಲಿ ಎದುರಾಳಿಯನ್ನು ಮುಟ್ಟದೆ ಬರೇ ನೋಡಿ ಸೋಲಿಸಿತ್ತು. ಇನ್ನೊಂದು ಕೂಗಿದರೆ ಬೆಟ್ಟದ ಮೇಲಿನ ಗೊಮ್ಮಟ ತಿರುಗಿ ನೋಡುತ್ತಿದ್ದ. ಸುಳ್ಳು ಹೇಳುವುದರಲ್ಲಿ ತನಗೆ ಸರಿಜೋಡಿ ಇವನೊಬ್ಬನೇ ಎಂದು ಕೃಷ್ಣರಾಜ ಎಂದೋ ಒಪ್ಪಿಕೊಂಡಿದ್ದ. ಆದರೆ ಇವತ್ತು ಭೋಜಣ್ಣ ಹೇಳುತ್ತ ಹೇಳುತ್ತ ನಡುವೆ ನಿಂತ, ಮೂಗು ಒರೆಸಿಕೊಂಡ.

“ಊರಿಗೆ ಊರೇ ಸುಟ್ಟು ಹೋಗಿ ಒಬ್ಬನೇ ಒಬ್ಬ ಕೂದಲು ಕೊಂಕದೆ ಹೊರಗೆ ಬಂದರೆ, ಬೆಂಕಿ ಇಟ್ಟವ ಯಾರು ಅಂತ ಕೇಳ್ಲಿಕ್ಕುಂಟಾ ಭಟ್ರೇ?” ಎಂದು ಬುಟ್ಟಿಯತ್ತ ಕತ್ತಿ ತೋರಿಸಿದ.

ಆ ಹೇಂಟೆಯನ್ನು ಕೊಲ್ಲಬೇಡಿ, ಮಣಿಪಾಲಕ್ಕೆ ಬೇಕು, ನನಗೆ ಕೊಡಿ ಎಂದು ಕೃಷ್ಣರಾಜ ಕೇಳಿಕೊಂಡ. ಯಾಕೆ ಎಂದು ಕೇಳುತ್ತಾರೆಂದು ಉತ್ತರ ಕಟ್ಟಿಕೊಂಡು ಬಂದಿದ್ದ, ಯಾರೂ ಕೇಳಲಿಲ್ಲ. ಭೋಜಣ್ಣನ ಮುಖ ಹಗುರವಾಯಿತು. ಅವನಿಗೂ ಅದನ್ನು ಕೊಲ್ಲಲು ಮನಸ್ಸಿರಲಿಲ್ಲವೇನೋ. ತಗೊಂಡು ಹೋಗಿ, ದರಿದ್ರ ತೊಲಗಲಿ, ಕೊಯ್ದು ನೋಡುತ್ತೀರೋ ಕುದಿಸಿ ನೋಡುತ್ತೀರೋ ನಿಮಗೆ ಬಿಟ್ಟದ್ದು ಎಂದು ಕತ್ತಿಯನ್ನು ಜಗಲಿಯ ಮೇಲಿಟ್ಟ. ಹಾಗೇ ಕಾಪುವಿನ ಕಡೆಗೊಂದು ಸುತ್ತು ಹೊಡೆಯುವುದಾದರೆ ತಂದವಳನ್ನೂ ಹಿಂದೆ ಕೂರಿಸಿಕೊಂಡು ಹೋಗಿ ಎಂದು ಮೋಹಿನಿಯಕ್ಕ ಹೇಳಿದರು. ನಗೆಯ ಮಾತೇ. ಯಾರೂ ನಗಲಿಲ್ಲ.

ಮುಗಿಯಿತು. ಇಷ್ಟು ಸುಲಭ. ಬುಟ್ಟಿ ಎತ್ತಿ ಹೇಂಟೆಯನ್ನು ಕಂಕುಳಲ್ಲಿ ಒತ್ತಿಕೊಂಡಾಗ ಅದು ಒಮ್ಮೆ ಕೊಸರಾಡಿ ಸುಮ್ಮನಾಯಿತು. ಬೂದಿ ಬಣ್ಣದ, ಒಂದು ಕಿವಿಯ ಹತ್ತಿರ ಪುಕ್ಕ ಉದುರಿದ, ನೂರು ಕೋಳಿಗಳ ನಡುವೆ ಬಿಟ್ಟರೆ ಮತ್ತೆ ಹುಡುಕಲಾಗದಷ್ಟು ಸಾಧಾರಣ ಹೇಂಟೆ. ಗೇಟಿನ ಕಡೆ ಹೆಜ್ಜೆ ಹಾಕಿದ. ಮನಸ್ಸು ಆಗಲೇ ಮಣಿಪಾಲದಲ್ಲಿ ಗೂಡು ಕಟ್ಟಿಸುತ್ತಿತ್ತು. ಹೇಳಬೇಕಾದ್ದೇನೂ ಇಲ್ಲ, ಹೇಳದಿದ್ದರೆ ಹೇಂಟೆ ಬದುಕುತ್ತದೆ, ಸತ್ಯ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಇಲ್ಲಿಯದು ಇಲ್ಲಿಗೆ ಮರೆತು ಹೋಗುತ್ತದೆ. ಅಷ್ಟರಲ್ಲಿ ಮೋಕ್ಷಾ ಒಂದು ಗೋಣಿಚೀಲ ಹಿಡಿದುಕೊಂಡು ಹಿಂದೆಯೇ ಬಂದಳು. ಕಾಲು ಕಟ್ಟಬೇಡಿ, ಚೀಲದಲ್ಲಿ ಕೂರಿಸಿ, ತಲೆ ಹೊರಗಿರಲಿ, ದಾರಿ ಕಂಡರೆ ಅದು ಹೆದರುವುದಿಲ್ಲ ಎಂದಳು. ಅಳುವಿನ ಗುರುತು ಮುಖದಲ್ಲಿರಲಿಲ್ಲ; ಅತ್ತು ಮುಗಿಸಿ ಬಹಳ ದಿನವಾದ ಹಾಗಿತ್ತು.

“ರೋಗ ಬಂದಾಗಿನಿಂದ ನಾವಿಬ್ಬರೂ ಆ ಬುಟ್ಟಿಯೊಳಗೇ,” ಎಂದಳು ಚೀಲದ ಬಾಯಿ ಬಿಡಿಸುತ್ತ. “ಇವಳಿಗಾದ್ರೂ ಬಿಡುಗಡೆ ಆಯ್ತು. ಹುಷಾರು ಭಟ್ರೇ, ಕುಕ್ಕುತ್ತಾಳೆ.”

ಚೀಲ ತೆರೆದೇ ಇತ್ತು. ಕೃಷ್ಣರಾಜ ಹೇಂಟೆಯನ್ನು ಅದರೊಳಗೆ ಇಳಿಸಲಿಲ್ಲ. ತಿರುಗಿ ಅಂಗಳದ ನಡುವೆ ಬಂದು ನಿಂತ. ಗಂಟಲಿನಲ್ಲಿ ಬಂದದ್ದು ಅವನು ಯೋಚಿಸಿದ್ದಕ್ಕಿಂತ ಸಣ್ಣ ದನಿ.

“ಭೋಜಣ್ಣ, ರೋಗ ತಂದದ್ದು ನಾನು.”

ಭೋಜಣ್ಣ ಮೊದಲು ನಕ್ಕ. ಭಟ್ರಿಗೆ ಕೋಳಿರೋಗ ಯಾವಾಗಿನಿಂದ ಎಂದು ಕೇಳಿದ. ಕೃಷ್ಣರಾಜ ಕಾಪುವಿನ ಅಂಗಳ ಹೇಳಿದ, ಕೆಸರು ಹೇಳಿದ, ಜೇಬಿನಲ್ಲಿ ಉಳಿದ ಗವಸು ಹೇಳಿದ, ಬರಿಗಾಲು ಹೇಳಿದ. ಭೋಜಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಭಟ್ರು ಒಳ್ಳೆಯವರು, ಸೊಸೆಯ ಮರ್ಯಾದೆ ಉಳಿಸಲು ತಮ್ಮ ತಲೆಗೆ ಹಾಕಿಕೊಳ್ಳುತ್ತಿದ್ದಾರೆ ಎಂದ. ನಮ್ಮ ದೈವಕ್ಕೆ ಮರ್ಯಾದೆ ಕೊಟ್ಟು ಚಪ್ಪಲಿ ಬಿಚ್ಚಿ ಬಂದ ಕಾಲು, ಮಠದ ಅನ್ನ ಉಂಡ ಕಾಲು, ಅದರಲ್ಲಿ ಎಂತ ರೋಗ ಬರುವುದುಂಟು? ಕೃಷ್ಣರಾಜ ದಂಗಾದ. ತಪ್ಪು ಒಪ್ಪಿಕೊಂಡರೆ ಕಾಲ ಬುಡದ ನೆಲ ಬಿರಿಯುತ್ತದೆಂದು ಹೆದರಿದ್ದ. ಒಪ್ಪಿಕೊಂಡರೂ ಯಾರೂ ತೆಗೆದುಕೊಳ್ಳಲು ತಯಾರಿಲ್ಲ. ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದವಳು ರೋಗ ತಂದಳೆಂಬುದಕ್ಕೆ ಇಲ್ಲಿ ಸಾಕ್ಷಿಯೇ ಬೇಕಿರಲಿಲ್ಲ. ಅವನ ಕಾಲಿಗೆ ಮಾತ್ರ ಸಾಕ್ಷಿ ಬೇಕು. ಸರಿ, ಸಾಕ್ಷಿ ಕೊಡುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಬೆಳಿಗ್ಗೆ ಪರದೆಯ ಮುಂದೆ ಏರಿದ್ದ ಅದೇ ಕಾವು ಮತ್ತೆ ಏರಿತು. ಒಮ್ಮೆ ಈ ರೋಗ ಹೊಕ್ಕು ಹೋದರೆ ರಕ್ತ ಅದನ್ನು ಮರೆಯುವುದಿಲ್ಲ ಎಂದ. ಅವತ್ತು ನಾನು ಬಂದ ದಿನ, ನಿಮ್ಮೆಲ್ಲರ ಕಣ್ಣೆದುರು ಈ ರೆಕ್ಕೆಯಡಿಯಿಂದ ರಕ್ತ ತೆಗೆದದ್ದು. ಆ ರಕ್ತಕ್ಕೆ ಏನೂ ನೆನಪಿಲ್ಲ. ಬಂದು ಎರಡು ವಾರ ಇಲ್ಲಿದ್ದ ಹೇಂಟೆ ಅವತ್ತಿಗೂ ಶುದ್ಧ. ಅವತ್ತಿನ ನಂತರ ಎಲ್ಲವೂ ಸತ್ತವು. ನಡುವೆ ಹೊರಗಿನಿಂದ ಅಂಗಳಕ್ಕೆ ಬಂದವರು ಯಾರು, ಹೇಳಿ. ಅವನು ಬಹುತೇಕ ಕೂಗುತ್ತಿದ್ದ, ಗೆದ್ದವನ ಹಾಗೆ.

ಮಾತು ಮೊದಲು ಇಳಿದದ್ದು ಮೋಹಿನಿಯಕ್ಕನ ಮುಖದಲ್ಲಿ. ಅವತ್ತು ಹೇಂಟೆಯ ಕಾಲು ಹಿಡಿದುಕೊಂಡಿದ್ದವರು ಅವರೇ. ಸೂಜಿ ನೋಡಲಾರದೆ ಮುಖ ತಿರುಗಿಸಿದ್ದರು. ಈಗ ಅವರು ಕೃಷ್ಣರಾಜನ ಕಾಲು ನೋಡಿದರು. ಭೋಜಣ್ಣ ನೋಡಿದ. ಮೋಕ್ಷಾ ನೋಡಿದಳು. ಕೃಷ್ಣರಾಜನೂ ಬಗ್ಗಿ ನೋಡಿದ. ಇಷ್ಟೆಲ್ಲ ತಿಳಿದ ಮೇಲೂ ಚಪ್ಪಲಿಗಳು ಗೇಟಿನ ಹತ್ತಿರ ಜೋಡಿಯಾಗಿ ಕೂತಿದ್ದವು. ಹತ್ತು ಬೆರಳುಗಳು ಅಂಗಳದ ಮಣ್ಣಿನಲ್ಲಿ ಆರಾಮವಾಗಿ ಹರಡಿಕೊಂಡಿದ್ದವು. ಅವುಗಳನ್ನು ಅಡಗಿಸಿಡಲು ಜಾಗವಿರಲಿಲ್ಲ. ಬೆಳಿಗ್ಗೆ ಲೋಕವನ್ನೇ ಗೆದ್ದಿದ್ದವನು ಈಗ ಒಂದು ಜೋಡಿ ಪಾದ ಮಾತ್ರವಾಗಿ ನಿಂತಿದ್ದ.

ಭೋಜಣ್ಣ ಎದ್ದ. ಬೈಯಬೇಕೆಂದು ಎದ್ದವನ ಬಾಯಿಗೆ ಬೈಗುಳ ಸಿಗಲಿಲ್ಲ. ಭಟ್ರಿಗೆ ಬೈದು ಅಭ್ಯಾಸವಿರಲಿಲ್ಲ. ಮೂರು ಸಲ ಅಂಗಳ ಸುತ್ತಿ ಬಂದು ಎದುರಿಗೆ ನಿಂತ.

“ಹಾಗಾದ್ರೆ ಈ ಹೇಂಟೆ ಎಂತದ್ದೂ ಮಾಡ್ಲಿಲ್ಲ.”

“ಇಲ್ಲ ಭೋಜಣ್ಣ.”

“ಮತ್ತೆ ನೀವು ಯಾಕೆ ಹಿಡ್ಕೊಂಡಿದ್ದೀರಿ? ಕೆಳಗೆ ಬಿಡಿ.”

ಕೃಷ್ಣರಾಜನ ತೋಳು ಸಡಿಲವಾಗಲಿಲ್ಲ. ಅದರ ಬದಲು ಬಾಯಿ ಸಡಿಲವಾಯಿತು. ಈ ಹೇಂಟೆಯಲ್ಲಿ ಹುಟ್ಟಿನಿಂದಲೇ ಇರುವ ಕಾವಲು ಹೇಳಿದ, ಅದು ಮರಿಗಳಿಗೆ ಇಳಿದು ಬರುವುದು ಹೇಳಿದ, ಮರಿಗಳೂ ರೋಗಕ್ಕೆ ಜಗ್ಗದೆ ನಿಂತರೆ ಯಾವ ಯಾವ ದೇಶದ ಕೋಳಿಗಳು ಬದುಕುತ್ತವೆಂದು ಹೇಳಿದ, ಭೂಪಟದಲ್ಲಿ ಇಲ್ಲದ ದೇಶಗಳನ್ನೂ ಒಂದೆರಡು ಸೇರಿಸಿದ. ಹೇಳುತ್ತ ಹೇಳುತ್ತ ಭೋಜಣ್ಣನ ಕಣ್ಣು ಬೇರೆ ರೀತಿಯಲ್ಲಿ ಹೊಳೆಯುವುದು ಕಂಡು ತಡವಾಗಿ ನಾಲಗೆ ಕಚ್ಚಿಕೊಂಡ. ಸಾಯದ ಹೇಂಟೆ. ಭೋಜಣ್ಣ ಆಗಲೇ ಅಜೆಕಾರಿನಿಂದ ಒಂದು ಹುಂಜ ತರಿಸಿ, ಇದಕ್ಕೆ ಜೋಡಿ ಮಾಡಿ, ಯಮನೇ ಕೊಕ್ಕಿಗೆ ಹೆದರುವಂಥ ಸಂತಾನ ಬೆಳೆಸಿ, ತುಳುನಾಡಿನ ಅಷ್ಟೂ ಅಂಕ ಗೆದ್ದು ಮುಗಿಸಿದ್ದ. ಒಬ್ಬ ಮಣಿಪಾಲದಲ್ಲಿ ಗೂಡು ಕಟ್ಟುತ್ತಿದ್ದ, ಇನ್ನೊಬ್ಬ ಕಾರ್ಕಳದಲ್ಲಿ ಅಂಕ ಕಟ್ಟುತ್ತಿದ್ದ. ಇಬ್ಬರೂ ಒಂದೇ ಹೇಂಟೆಯ ಮೇಲೆ.

“ಹೇಂಟೆ ಯಾರದ್ದು ಮಾವ?” ಎಂದಳು ಮೋಕ್ಷಾ.

ದನಿ ಏರಿಸಿರಲಿಲ್ಲ. ಭೋಜಣ್ಣನ ಮನಸ್ಸಿನೊಳಗಿನ ಹುಂಜ ಅರ್ಧ ಕೂಗಿನಲ್ಲಿ ನಿಂತಿತು. ಅವನು ಹೆಂಡತಿಯ ಕಡೆ ನೋಡಿದ. ಮೋಹಿನಿಯಕ್ಕ ಜಗಲಿಯ ಮೇಲಿದ್ದ ಕತ್ತಿಯನ್ನು ತೆಗೆದು ಒಳಗೆ ಇಟ್ಟು ಬಂದರು, ಸೆರಗಿಗೆ ಕೈ ಒರೆಸಿಕೊಂಡರು. ಇದೆಲ್ಲ ಬಹಳ ಹೊತ್ತು ಹಿಡಿಯಿತು.

“ಅವಳದ್ದು,” ಎಂದರು. “ತವರಿಂದ ಅವಳು ತಂದದ್ದು.”

ಮೋಕ್ಷಾ ಅತ್ತೆಯನ್ನು ನೋಡಿದಳು. ಅತ್ತೆ ಮೆಟ್ಟಿಲಿಳಿದು ಬಂದು ಅವಳ ಪಕ್ಕದಲ್ಲಿ ನಿಂತರು. ತಾಗುವಷ್ಟು ಹತ್ತಿರವಲ್ಲ, ಆದರೆ ನಡುವೆ ಇನ್ನೊಬ್ಬರು ನಿಲ್ಲುವಷ್ಟು ದೂರವೂ ಅಲ್ಲ. ಕೃಷ್ಣರಾಜನ ತೋಳು ತನ್ನಷ್ಟಕ್ಕೇ ಬಿಚ್ಚಿಕೊಂಡಿತು. ಹೇಂಟೆ ಧೊಪ್ಪನೆ ಇಳಿಯಿತು, ಮೈ ಕೊಡವಿತು, ಇಷ್ಟು ದೊಡ್ಡ ಅಂಗಳ ತನ್ನೊಬ್ಬಳದೇ ಎಂಬಂತೆ ನಡೆದು ಹೋಗಿ ಒಣ ಎಲೆ ಕೆದಕಿತು. ಅವನ ಜೀವಮಾನದ ಶೋಧ ಹಾಗೆ ನಡೆದು ಹೋಗುವುದನ್ನು ನೋಡುತ್ತ ನಿಂತ. ಮರಿ ಬರಲಿ, ಆಮೇಲೆ ಮಾತಾಡುವಾ, ಮೊದಲು ನನ್ನಲ್ಲಿ ಕೇಳಿ, ಮಾವನಲ್ಲಲ್ಲ ಎಂದು ಮೋಕ್ಷಾ ಹೇಳಿದಳು. ಆಗಲಿ ಎಂದ. ಇಲ್ಲ ಎನ್ನಲು ಅವನ ಹತ್ತಿರ ಏನೂ ಉಳಿದಿರಲಿಲ್ಲ. ವಿಚಿತ್ರವೆಂದರೆ ಎದೆಯೊಳಗಿನ ಕುಣಿತ ಇನ್ನೂ ಇಳಿದಿರಲಿಲ್ಲ. ಹೇಂಟೆ ಬದುಕಿತ್ತು, ಕೆದಕುತ್ತಿತ್ತು, ಅಂಥದ್ದೊಂದು ಜೀವ ಜಗತ್ತಿನಲ್ಲಿ ಇತ್ತು.

ಮೋಕ್ಷಾ ಫೋನು ಎತ್ತಿ ಕುವೈತಿಗೆ ವೀಡಿಯೋ ಕರೆ ಮಾಡಿದಳು. ಪರದೆಯಲ್ಲಿ ಹೆಲ್ಮೆಟ್ಟಿನ ಕೆಳಗೆ ಜಿತೇಶನ ಬೆವರಿದ ಮುಖ ಮೂಡಿತು. ಇವರಿಗೂ ಒಮ್ಮೆ ಹೇಳಿ ಭಟ್ರೇ, ಅವರ ಅಮ್ಮ ಅಪ್ಪ ಕೇಳುವ ಹಾಗೆ, ಎಂದು ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು. ಇನ್ನು ಸಂಜೆಯೊಳಗೆ ಇದನ್ನೇ ಶ್ರೀವಾಣಿ ಮೇಡಂಗೂ ಹೇಳಬೇಕೆಂದು ಅವನಿಗೆ ಗೊತ್ತಿತ್ತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಕಾಪುವಿನ ಕೆಸರು ಈ ಸಲ ಮೊಣಕಾಲಿನವರೆಗೆ ಬಂದಿತ್ತು. ಸತ್ತ ಕೋಳಿಗಳು ದೀಪಸ್ತಂಭದಷ್ಟು ಎತ್ತರಕ್ಕೆ ರಾಶಿ ಬಿದ್ದಿದ್ದವು. ತನ್ನ ಒಂದೊಂದು ಬೆರಳಿನ ಸಂದಿಯಲ್ಲೂ ಕೋಟಿ ಕೋಟಿ ವೈರಸ್ಸುಗಳು ಬಿಡಾರ ಹೂಡಿ, ಇಡೀ ಕಾರ್ಕಳವನ್ನು ನುಂಗಲು ಈ ಎರಡು ಪಾದಗಳೇ ಸಾಕಾಗಿದ್ದವು ಎಂದು ಅವನು ಹೇಳುತ್ತಿರುವಾಗ, ತಾನು ಇದನ್ನು ಸವಿಯುತ್ತಿದ್ದೇನೆಂದು ಅವನಿಗೇ ಕೇಳಿಸಿತು. ಜಿತೇಶ್ ಕಣ್ಣರಳಿಸಿ ಕೇಳುತ್ತಿದ್ದ, ನಂಬಿದಂತೆ ಕಾಣಲಿಲ್ಲ.

“ಕಾಲು ಅಷ್ಟು ದೊಡ್ಡದು ಮಾಡ್ಬೇಡಿ ಭಟ್ರೇ,” ಎಂದಳು ಮೋಕ್ಷಾ. “ಇದ್ದದ್ದು ಇದ್ದ ಹಾಗೆ ಹೇಳಿ.”

ಅವನು ನಿಲ್ಲಿಸಿದ. ಇದ್ದದ್ದು ಇದ್ದ ಹಾಗೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಬೇಕಾಯಿತು. ಅದು ಬಹಳ ಚಿಕ್ಕದಾಗಿತ್ತು.

“ಸತ್ತ ಕೋಳಿಗಳ ನಡುವಿಂದ ಬಂದೆ,” ಎಂದ. “ಕಾಲು ತೊಳೆಯಲಿಲ್ಲ.”